ಕೆನೆ ತೆಗೆಯದ ಹಾಲು

ಹಾಲಿನ ವಿಷಯವಾಗಿ ಮಾತನಾಡಲು ಪಶುವೈದ್ಯರಿದ್ದಾರೆ, ಆಹಾರತಜ್ಞರಿದ್ದಾರೆ. ಹಳಗನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಅಲ್ಲೇನು ಕೆಲಸವೆಂದು ಕೇಳುಗರು ಸಂದೇಹಪಟ್ಟರೆ ಅದು ಸಹಜವೇ. ಆದುದರಿಂದ ನಾನು ಈ ವಿಷಯವನ್ನು ನನಗೆ ಪರಿಚಿತವಾದ ಬಾಗಿಲಿನಿಂದಲೇ, ಎಂದರೆ ಮಾತಿನ ಬಾಗಿಲಿನಿಂದಲೇ ಪ್ರವೇಶಿಸುತ್ತೇನೆ. ಹಳಗನ್ನಡದ ‘ಪಾಲ್’ ಎಂಬುದು ಪಕಾರ ಹಕಾರವಾಗಿ ‘ಹಾಲು’ ಆಯಿತು. ‘ಬೆಣ್ಣೆ’ ಎಂಬ ಮಾತಿನೊಳಗೆ ‘ಬೆಳ್’ ಮತ್ತು ‘ನೆಯ್’ ಎಂಬೆರಡು ಮಾತುಗಳು ಅಡಗಿವೆ; ಬಿಳಿಯ ನೆಯ್ಯೇ ಬೆಣ್ಣೆ. ಕರು ಹಾಕಿದ ಹೊಸದರಲ್ಲಿ ಕರೆದದ್ದು ಗಿಣ್ಣದ ಹಾಲು, ಆಗತಾನೆ ಕರೆದದ್ದು ನೊರೆಹಾಲು, ಕಾಯಿಸಿದರೆ ಕೆನೆ, ಹೆಪ್ಪಿಟ್ಟರೆ ಮೊಸರು, ಕಡೆದರೆ ಮಜ್ಜಿಗೆ ಮತ್ತು ಬೆಣ್ಣೆ, ಕಾಸಿದರೆ ತುಪ್ಪ, ತುಪ್ಪದ ತಳದಲ್ಲಿ ಉಳಿದದ್ದು ಗಸಿ. ಹೀಗೆ ಹಾಲಿನ ಒಂದೊಂದು ಅವಸ್ಥೆಗೂ ಒಂದೊಂದು ಹೆಸರಿಟ್ಟ ನಮ್ಮ ಭಾಷೆ, ‘ಏನನ್ನೂ ತೆಗೆಯದ ಹಾಲು’ ಎಂಬುದಕ್ಕೆ ಮಾತ್ರ ಬೇರೆ ಹೆಸರು ಇಡಲಿಲ್ಲ. ಇಡಬೇಕಾದ ಅಗತ್ಯವೇ ಇರಲಿಲ್ಲ, ಹಾಲೆಂದರೆ ಅದೇ.

ಈಗ ಆ ಅಗತ್ಯ ಬಂದಿದೆ. ಅಂಗಡಿಗೆ ಹೋಗಿ ‘ಹಾಲು ಕೊಡಿ’ ಎಂದರೆ ಅಂಗಡಿಯವನು ‘ಯಾವ ಹಾಲು?’ ಎಂದು ಕೇಳುತ್ತಾನೆ. ಟೋನ್ಡ್ ಹಾಲು, ಸ್ಪೆಷಲ್ ಹಾಲು, ಶುಭಂ, ಸಮೃದ್ಧಿ ಎಂದು ಒಂದೇ ನಂದಿನಿಯ ಹೆಸರಿನಲ್ಲಿ ಹಲವು ಬಣ್ಣದ ಪ್ಯಾಕೆಟ್ಟುಗಳಿವೆ. ಸರಕಾರದ ಯೋಜನೆಯ ಕಾಗದಪತ್ರಗಳಲ್ಲಿ ‘ಕೆನೆಭರಿತ ಹಾಲು’ ಎಂಬ ಪದ ಬಳಕೆಗೆ ಬಂದಿದೆ. ಈ ಕೆನೆಭರಿತ ಹಾಲಿನಲ್ಲಿ ಏನಿದೆ, ಅದು ಯಾರಿಗೆ ಎಷ್ಟು ಬೇಕು, ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಅದು ಹೇಗೆ ಹಂಚಿಹೋಗುತ್ತಿತ್ತು ಎಂಬುದೇ ಈ ಭಾಷಣದ ವಸ್ತು. ಹಂಚಿಕೆಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಏಕೆಂದರೆ ಹಾಲಿನ ಗುಣ ಹಾಲಿನಲ್ಲಿದ್ದರೆ ಸಾಲದು. ಅದು ಯಾರ ಲೋಟಕ್ಕೆ ಬಿತ್ತು ಎಂಬುದೂ ಮುಖ್ಯ.

ಮೊದಲು ಹಾಲಿನ ಒಳಗನ್ನು ನೋಡೋಣ. ನೂರು ಗ್ರಾಮು ಆಕಳ ಹಾಲಿನಲ್ಲಿ ಸುಮಾರು 87 ಗ್ರಾಮು ನೀರೇ. ‘ಹಾಲಿಗೆ ನೀರು ಬೆರೆಸಿದ’ ಎಂದು ಗೌಳಿಗನನ್ನು ಬೈಯುವ ಮೊದಲು, ಆಕಳೇ ಅಷ್ಟು ಬೆರೆಸಿರುತ್ತದೆಂಬುದನ್ನು ನೆನಪಿಡಬೇಕು. ಉಳಿದ ಹದಿಮೂರು ಗ್ರಾಮಿನಲ್ಲಿ ಮೂರು ಗ್ರಾಮಿಗೂ ಸ್ವಲ್ಪ ಹೆಚ್ಚು ಪ್ರೋಟೀನು, ಸುಮಾರು ನಾಲ್ಕು ಗ್ರಾಮು ಕೊಬ್ಬು, ಐದು ಗ್ರಾಮಿಗೆ ತುಸು ಕಡಿಮೆ ಲ್ಯಾಕ್ಟೋಸ್ ಎಂಬ ಹಾಲುಸಕ್ಕರೆ, ಮಿಕ್ಕದ್ದು ಖನಿಜಾಂಶ. ಆ ಖನಿಜಗಳಲ್ಲಿ ಮುಖ್ಯವಾದದ್ದು ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ. ಅದು ನೂರು ಗ್ರಾಮಿಗೆ ಸುಮಾರು 120 ಮಿಲಿಗ್ರಾಮಿನಷ್ಟಿರುತ್ತದೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಆರೇಳು ಗ್ರಾಮಿಗೆ ಏರುತ್ತದೆ. ಅದರಿಂದ ದೊರೆಯುವ ಶಕ್ತಿಯೂ ನೂರು ಕ್ಯಾಲೊರಿಯನ್ನು ದಾಟುತ್ತದೆ. ಹಾಲಿನಲ್ಲಿ ಇಲ್ಲದ್ದೂ ಉಂಟು. ಕಬ್ಬಿಣದ ಅಂಶ ತೀರ ಕಡಿಮೆ. ‘ಸಿ’ ಜೀವಸತ್ವ ಇಲ್ಲವೆನ್ನುವಷ್ಟು ಅಲ್ಪ. ನಾರು ಇಲ್ಲವೇ ಇಲ್ಲ. ಹಾಲು ಪೂರ್ಣಾಹಾರವೆಂದು ಶಾಲೆಯ ಗೋಡೆಗಳ ಮೇಲೆ ಬರೆದಿರುತ್ತಿತ್ತು. ಕರುವಿಗೆ ಅದು ಪೂರ್ಣಾಹಾರವೇ ಸರಿ. ಮನುಷ್ಯನಿಗೆ ಅದು ಉತ್ತಮ ಆಹಾರ, ಪೂರ್ಣವಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ; ಹಾಲು ಏಕೆ ಬೆಳ್ಳಗಿದೆ ಎಂದು ಕೇಳುವುದಿಲ್ಲ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ‘ಕೇಸೀನ್’ ಎಂಬುದು. ಅದು ಕರಗಿ ಹೋಗದೆ, ಸುಣ್ಣದ ಅಂಶವನ್ನು ಹಿಡಿದುಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಕೊಬ್ಬೂ ಹಾಗೆಯೇ ಸಣ್ಣ ಸಣ್ಣ ಗೋಲಿಗಳಾಗಿ ಹರಡಿಕೊಂಡಿರುತ್ತದೆ. ಇವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಹಾಲು ಬೆಳ್ಳಗೆ ಕಾಣುತ್ತದೆ. ಆಕಳ ಹಾಲು ತುಸು ಹಳದಿ, ಎಮ್ಮೆಯ ಹಾಲು ಅಚ್ಚ ಬಿಳಿ, ಇದಕ್ಕೂ ಕಾರಣವುಂಟು. ಹಸಿರು ಮೇವಿನಲ್ಲಿರುವ ಕ್ಯಾರೊಟೀನ್ ಎಂಬ ಹಳದಿ ವಸ್ತುವನ್ನು ಆಕಳು ಅಷ್ಟಿಷ್ಟು ಹಾಗೆಯೇ ಹಾಲಿಗೆ ಬಿಡುತ್ತದೆ. ಎಮ್ಮೆಯು ಅದನ್ನೆಲ್ಲ ‘ಎ’ ಜೀವಸತ್ವವಾಗಿ ಮಾರ್ಪಡಿಸಿಯೇ ಕೊಡುತ್ತದೆ. ಹಳದಿಯಾಗಿದ್ದರೆ ಹೆಚ್ಚು ಸತ್ವ, ಬೆಳ್ಳಗಿದ್ದರೆ ಕಡಿಮೆ ಎಂಬ ಮಾತಿಗೆ ಆದುದರಿಂದ ಆಧಾರವಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಆಕಳನ್ನು ಮುಖ್ಯವಾಗಿ ಸಾಕಿದ್ದು ಹಾಲಿಗಾಗಿ ಅಲ್ಲ, ಗೊಬ್ಬರಕ್ಕಾಗಿ. ಇದನ್ನು ಬಯಲುಸೀಮೆಯವರಿಗೆ ಹೇಳಿದರೆ ನಂಬುವುದು ಕಷ್ಟ. ಅಡಕೆಯ ತೋಟಕ್ಕೆ ವರ್ಷವರ್ಷವೂ ಗೊಬ್ಬರ ಬೇಕು. ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆದೊಯ್ಯುತ್ತದೆ. ಅದಕ್ಕಾಗಿಯೇ ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟಿದ್ದಾರೆ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಗೆಯಲ್ಲಿ ದರಕು ತಂದು ಕೊಟ್ಟಿಗೆಗೆ ಹಾಸುವುದು, ದನಗಳು ತುಳಿದು ಸಗಣಿ ಗಂಜಲ ಬೆರೆತ ಆ ಹಾಸನ್ನು ಗೊಬ್ಬರಗುಂಡಿಗೆ ತುಂಬುವುದು, ಕೊಳೆತ ಮೇಲೆ ತೋಟಕ್ಕೆ ಹೊರುವುದು: ಇದೇ ನಮ್ಮ ಕೃಷಿಯ ಚಕ್ರ. ಈ ಚಕ್ರಕ್ಕೆ ಹೊಂದಿಕೊಂಡ ದನವೇ ಮಲೆನಾಡು ಗಿಡ್ಡ. ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಅದನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿಕೊಂಡಿದೆ. ಅದು ಗುಡ್ಡ ಹತ್ತುತ್ತದೆ, ಮಳೆಯನ್ನು ತಡೆದುಕೊಳ್ಳುತ್ತದೆ, ಸಿಕ್ಕ ಸೊಪ್ಪು ತಿಂದು ಬದುಕುತ್ತದೆ. ಆದರೆ ಕರುವಿಗೆ ಬಿಟ್ಟು ಮಿಕ್ಕಿದ ಹಾಲು ದಿನಕ್ಕೆ ಒಂದೆರಡು ಲೀಟರು. ಹಾಲಿಗಾಗಿ, ಬೆಣ್ಣೆಗಾಗಿ ದನ ಸಾಕಿದವರನ್ನು ನೋಡಬೇಕಾದರೆ ಯಲ್ಲಾಪುರದ ಕಾಡಿನಂಚಿನ ಗೌಳಿವಾಡೆಗಳಿಗೆ ಹೋಗಬೇಕು. ದನಗರ ಗೌಳಿಗಳು ಎಮ್ಮೆಗಳನ್ನು ನಂಬಿ ಬಂದ ಜನ. ತೋಟಿಗರ ಮನೆಗಳಲ್ಲಿ ಹಾಲು ಗೊಬ್ಬರದ ಜೊತೆಗೆ ಬಂದ ಪ್ರಸಾದ ಮಾತ್ರ.

ಪ್ರಸಾದ ಸ್ವಲ್ಪವಿದ್ದಾಗ ಅದನ್ನು ಹಿಗ್ಗಿಸುವ ಜಾಣ್ಮೆ ಬೇಕಾಗುತ್ತದೆ. ನಮ್ಮ ಗೃಹಿಣಿಯರು ಕಂಡುಕೊಂಡ ಉಪಾಯವೇ ಕಡೆಗೋಲು. ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ನೂರಕ್ಕೆ ನಾಲ್ಕು ಪಾಲು ಕೊಬ್ಬಿರುವ ಒಂದು ಲೀಟರು ಹಾಲಿನಿಂದ, ಏನೂ ನಷ್ಟವಾಗದಿದ್ದರೆ, ನಲವತ್ತು ಗ್ರಾಮು ತುಪ್ಪ. ಒಂದು ಕಿಲೋ ತುಪ್ಪಕ್ಕೆ ಇಪ್ಪತ್ತೈದು ಲೀಟರು ಹಾಲು ಬೇಕು. ದಿನಕ್ಕೆ ಎರಡು ಲೀಟರು ಕರೆಯುವ ಗಿಡ್ಡ ಆಕಳಾದರೆ ಹನ್ನೆರಡು ಹದಿಮೂರು ದಿನದ ಹಾಲೆಲ್ಲ ಕಡೆಗೋಲಿಗೆ ಹೋಗಬೇಕು. ಪೇಟೆಯಲ್ಲಿ ಅಗ್ಗದ ಬೆಲೆಗೆ ‘ನಾಟಿ ಆಕಳ ತುಪ್ಪ’ ಮಾರುವವನನ್ನು ಕಂಡಾಗ ಈ ಲೆಕ್ಕ ನೆನಪಿದ್ದರೆ ಸಾಕು, ಬೇರೆ ಪರೀಕ್ಷೆ ಬೇಕಾಗದು. ಇಷ್ಟು ಕಷ್ಟದಿಂದ ಕೂಡಿದ ತುಪ್ಪ ದೇವರ ದೀಪಕ್ಕೆ, ಹೋಮಕ್ಕೆ, ನೆಂಟರ ಎಲೆಗೆ, ಬಾಣಂತಿಗೆ, ಹಬ್ಬದ ತೊಡೆದೇವಿಗೆ ಮೀಸಲಾಗುತ್ತಿತ್ತು. ದಿನನಿತ್ಯದ ಮಂದಿಗೆ ಉಳಿಯುತ್ತಿದ್ದದ್ದು ಮಜ್ಜಿಗೆ.

ಹಾಗಾದರೆ ಮಜ್ಜಿಗೆಯುಂಡವರು ಮೋಸಹೋದರೆ? ಇಲ್ಲಿ ವಿಜ್ಞಾನ ಒಂದು ಸಮಾಧಾನದ ಮಾತು ಹೇಳುತ್ತದೆ. ಮೊಸರನ್ನು ಕಡೆದಾಗ ಬೆಣ್ಣೆಯೊಡನೆ ಹೋಗುವುದು ಕೊಬ್ಬು ಮತ್ತು ಕೊಬ್ಬಿನಲ್ಲಿ ಕರಗಿರುವ ‘ಎ’ ಮುಂತಾದ ಜೀವಸತ್ವಗಳು. ಪ್ರೋಟೀನು, ಸುಣ್ಣದ ಅಂಶ, ನೀರಿನಲ್ಲಿ ಕರಗುವ ‘ಬಿ’ ಗುಂಪಿನ ಜೀವಸತ್ವಗಳು ಬಹುಮಟ್ಟಿಗೆ ಮಜ್ಜಿಗೆಯಲ್ಲಿಯೇ ನಿಲ್ಲುತ್ತವೆ. ತುಪ್ಪವು ಶಕ್ತಿ, ಮಜ್ಜಿಗೆಯು ಎಲುಬು ಮತ್ತು ಸ್ನಾಯು. ಒಂದೆಲಗದ ತಂಬುಳಿ, ದೊಡ್ಡಪತ್ರೆಯ ತಂಬುಳಿ, ಶುಂಠಿಯ ತಂಬುಳಿ, ಮಜ್ಜಿಗೆಹುಳಿ, ಹಸಿ ಎಂದು ನಮ್ಮ ಊಟದಲ್ಲಿ ಮಜ್ಜಿಗೆ ಮೊಸರುಗಳು ಹೊಕ್ಕಿರುವ ಪರಿಯನ್ನು ನೋಡಿದರೆ, ಕೊಬ್ಬು ಕಳೆದುಕೊಂಡ ಹಾಲನ್ನು ಸೊಪ್ಪಿನೊಡನೆ ಸೇರಿಸಿ ಊಟವನ್ನು ಪೂರ್ಣಗೊಳಿಸಿದ ಕುಶಲತೆಗೆ ತಲೆದೂಗಬೇಕಾಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಬಯಲುಸೀಮೆಯವರು ಉಣ್ಣುವ ರಾಗಿಯ ನೂರು ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಕ್ಯಾಲ್ಸಿಯಂ ಇದೆ. ನಾವು ಅಕ್ಕಿಯನ್ನುಂಬುವ ಜನ. ಅಕ್ಕಿಯಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದುದರಿಂದ ಮಂಡ್ಯ ತುಮಕೂರುಗಳಿಗಿಂತಲೂ ಶಿರಸಿ ಸಿದ್ದಾಪುರಗಳ ತಟ್ಟೆಗೆ ಹಾಲು ಮಜ್ಜಿಗೆಗಳ ಅಗತ್ಯ ಹೆಚ್ಚು. ತಂಬುಳಿ ನಮಗೆ ಬರಿಯ ರುಚಿಯಲ್ಲ, ಆಸರೆ.

ಆದರೆ ಈ ಸಮಾಧಾನದ ಮಾತಿಗೆ ಒಂದು ಷರತ್ತು ಉಂಟು: ಮಜ್ಜಿಗೆ ಮಜ್ಜಿಗೆಯಾಗಿರಬೇಕು. ಕೂಡುಕುಟುಂಬದ ಮನೆಯಲ್ಲಿ ಹಾಲಿನ ಸರದಿ ಹೀಗಿತ್ತು: ಮೊದಲು ದೇವರು, ಬಳಿಕ ಎಳೆಯ ಮಕ್ಕಳು, ಬಳಿಕ ಬಂದ ನೆಂಟರ ಆಸರಿಗೆ, ಗಂಡಸರ ಕಾಫಿ ಅಥವಾ ಕಷಾಯ, ತೋಟದ ಆಳುಗಳಿಗೆ ನೀರುಮಜ್ಜಿಗೆ. ಎಲ್ಲರೂ ಉಂಡೆದ್ದ ಮೇಲೆ ಹೆಂಗಸರು ಊಟಕ್ಕೆ ಕೂಡುವ ಹೊತ್ತಿಗೆ ಮಜ್ಜಿಗೆಯ ಪಾತ್ರೆಗೆ ಎಷ್ಟು ಸಲ ನೀರು ಬಿದ್ದಿರುತ್ತಿತ್ತೆಂಬುದನ್ನು ಆ ಪಾತ್ರೆಯೇ ಹೇಳಬೇಕು. ನಮ್ಮ ಮನೆಯಲ್ಲಿ ನನ್ನ ದೊಡ್ಡಮ್ಮ ನಲವತ್ತು ವರ್ಷ ಎರಡು ಹೊತ್ತೂ ಹಾಲು ಕರೆದವರು. ವಯಸ್ಸಾದ ಮೇಲೆ ಒಮ್ಮೆ ಬಚ್ಚಲಿನಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ವೈದ್ಯರು ‘ದಿನಕ್ಕೆ ಎಷ್ಟು ಹಾಲು ಕುಡಿಯುತ್ತಿದ್ದಿರಿ?’ ಎಂದು ಕೇಳಿದರು. ದೊಡ್ಡಮ್ಮನಿಗೆ ಆ ನೋವಿನಲ್ಲಿಯೂ ನಗೆ ಬಂತು. ‘ಹಾಲು ಕುಡಿಯಲು ನಾನೇನು ಬಾಣಂತಿಯೇ?’ ಎಂದರು. ಎಲುಬು ಮುರಿಯುವುದಕ್ಕೆ ಕಾರಣಗಳು ಹಲವು: ವಯಸ್ಸು, ಮುಟ್ಟು ನಿಂತ ಮೇಲಿನ ದೇಹಸ್ಥಿತಿ, ‘ಡಿ’ ಜೀವಸತ್ವದ ಕೊರತೆ, ಒದ್ದೆಯ ನೆಲ. ಹಾಲು ಕುಡಿಯದಿದ್ದುದೇ ಕಾರಣವೆಂದು ನಾನು ಹೇಳಲಾರೆ. ಆದರೆ ಅಷ್ಟು ಸಾವಿರ ಸೇರು ಹಾಲು ಕರೆದ ಕೈಗೆ ಒಂದು ಲೋಟ ಹಾಲು ತನ್ನದೆಂದು ತೋರದೇ ಹೋದದ್ದು, ನಾನು ಓದಿದ ಯಾವ ಕಾವ್ಯದ ಕರುಣರಸಕ್ಕೂ ಕಡಿಮೆಯದಲ್ಲ.

ಎಷ್ಟು ಬೇಕು ಎಂಬ ಪ್ರಶ್ನೆಗೆ ಈಗ ಖಚಿತವಾದ ಉತ್ತರವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ವಯಸ್ಕರಿಗೆ, ಗಂಡಸರಾಗಲಿ ಹೆಂಗಸರಾಗಲಿ, ದಿನಕ್ಕೆ ಸಾವಿರ ಮಿಲಿಗ್ರಾಮು ಕ್ಯಾಲ್ಸಿಯಂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ ಹಾಲು ಅಥವಾ ಮೊಸರಿನ ಪಾಲು 300 ಮಿಲಿಲೀಟರು. ಅದರಿಂದ ಕ್ಯಾಲ್ಸಿಯಮ್ಮಿನ ಮೂರನೆಯ ಒಂದು ಪಾಲು ದೊರೆಯುತ್ತದೆ. ಮಿಕ್ಕದ್ದು ಸೊಪ್ಪು, ಎಳ್ಳು, ರಾಗಿ, ಬೇಳೆಗಳಿಂದ ಬರಬೇಕು. ಸಸ್ಯಾಹಾರಿಗಳಿಗೆ ಇನ್ನೊಂದು ವಿಶೇಷ ಕಾರಣವಿದೆ. ರಕ್ತಕ್ಕೂ ನರಗಳಿಗೂ ಬೇಕಾದ ‘ಬಿ-12’ ಜೀವಸತ್ವ ಸೊಪ್ಪು ಕಾಳುಗಳಲ್ಲಿ ಇಲ್ಲ; ಮಾಂಸ ಮೊಟ್ಟೆಗಳನ್ನು ಮುಟ್ಟದವರಿಗೆ ಅದು ಸಹಜವಾಗಿ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದಲೇ. ಮುನ್ನೂರು ಮಿಲಿಲೀಟರು ಹಾಲು ದಿನದ ಅಗತ್ಯದ ಅರ್ಧದಷ್ಟನ್ನು ಒದಗಿಸುತ್ತದೆ. ಕೈಕಾಲು ಜೋಮು, ಮರೆವು, ಸುಸ್ತು ಎಂದು ವೈದ್ಯರಲ್ಲಿಗೆ ಹೋಗುವ ನಮ್ಮ ಮುದುಕರಲ್ಲಿ ಎಷ್ಟೋ ಮಂದಿಗೆ ಈ ಜೀವಸತ್ವದ ಕೊರತೆಯಿರುವುದುಂಟು.

ಇನ್ನು ಪ್ಯಾಕೆಟ್ಟಿನ ಮಾತು. ಅಡಕೆ ಮಾರಾಟಕ್ಕಾಗಿ ಶಿರಸಿಯ ತೋಟಿಗರು 1923ರಷ್ಟು ಹಿಂದೆಯೇ ಸಹಕಾರಿ ಸಂಘ ಕಟ್ಟಿದರು. ಹಾಲಿಗಾಗಿ ಸಂಘ ಕಟ್ಟುವ ವಿಚಾರ ಬಂದದ್ದು ಎಷ್ಟೋ ತಡವಾಗಿ. ಹಾಲು ಮಾರುವುದು ಮರ್ಯಾದೆಯಲ್ಲವೆಂಬ ಭಾವನೆ ನಮ್ಮ ಹಿರಿಯರಲ್ಲಿತ್ತು. ಗುಜರಾತಿನ ಆಣಂದದಲ್ಲಿ 1946ರಲ್ಲಿ ಹುಟ್ಟಿದ ಸಹಕಾರಿ ಮಾದರಿ ಕರ್ನಾಟಕಕ್ಕೆ ಬಂದದ್ದು 1974ರಲ್ಲಿ, ಡೇರಿ ಅಭಿವೃದ್ಧಿ ನಿಗಮದ ರೂಪದಲ್ಲಿ. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ನಮ್ಮ ಜಿಲ್ಲೆ ಧಾರವಾಡದ ಒಕ್ಕೂಟಕ್ಕೆ ಸೇರಿತು. ಕೊಟ್ಟಿಗೆಯಲ್ಲಿ ದನ ಕಡಿಮೆಯಾದಂತೆ, ಮನೆಯಲ್ಲಿ ದುಡಿಯುವ ಕೈಗಳು ಬೆಂಗಳೂರಿಗೆ ಹೋದಂತೆ, ಒಂದು ಕಾಲಕ್ಕೆ ಹತ್ತು ದನ ಕಟ್ಟಿದ್ದ ಮನೆಗಳಿಗೂ ಪ್ಯಾಕೆಟ್ಟು ಬಂತು. ಇದನ್ನು ಅವನತಿಯೆಂದು ಕೊರಗುವವರಿದ್ದಾರೆ. ಕೊರಗುವುದಕ್ಕಿಂತ ಪ್ಯಾಕೆಟ್ಟಿನ ಮೇಲೆ ಬರೆದುದನ್ನು ಓದುವುದು ಲಾಭಕರ.

ನಿಯಮದಂತೆ ಟೋನ್ಡ್ ಹಾಲಿನಲ್ಲಿ ನೂರಕ್ಕೆ 3 ಪಾಲು ಕೊಬ್ಬು, ಕೊಬ್ಬಲ್ಲದ ಘನಾಂಶ 8.5 ಪಾಲು ಇರಬೇಕು. ಶುಭಂ ಎಂಬ ಪ್ರಮಾಣೀಕೃತ ಹಾಲಿನಲ್ಲಿ ಕೊಬ್ಬು 4.5, ಘನಾಂಶ 8.5, ಸಮೃದ್ಧಿ ಎಂಬ ಕೆನೆಭರಿತ ಹಾಲಿನಲ್ಲಿ ಕೊಬ್ಬು 6, ಘನಾಂಶ 9. ಓದುಗರು ಗಮನಿಸಬೇಕಾದದ್ದು ಎರಡನೆಯ ಸಂಖ್ಯೆಯನ್ನು. ಪ್ರೋಟೀನು, ಸಕ್ಕರೆ, ಸುಣ್ಣದ ಅಂಶಗಳೆಲ್ಲ ಆ ಸಂಖ್ಯೆಯೊಳಗೆ ಇವೆ. ಅದು ಹಾಲಿನಿಂದ ಹಾಲಿಗೆ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಕೊಬ್ಬು. ಎಂದರೆ, ಕಡಿಮೆ ಬೆಲೆಯ ಟೋನ್ಡ್ ಹಾಲು ಕೊಂಡ ಬಡವನು ಎಲುಬಿನ ಮಟ್ಟಿಗೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಅಧಿಕ ಚಿಹ್ನೆಯೊಡನೆ ‘ಎಫ್’ ಎಂಬ ಅಕ್ಷರದ ಗುರುತಿದ್ದರೆ ಅದಕ್ಕೆ ‘ಎ’ ಮತ್ತು ‘ಡಿ’ ಜೀವಸತ್ವಗಳನ್ನು ಬೆರೆಸಲಾಗಿದೆ ಎಂದು ತಿಳಿಯಬೇಕು; ಕೆನೆಯೊಡನೆ ಹೋದುದನ್ನು ಹೀಗೆ ತುಂಬಿಕೊಡುತ್ತಾರೆ.

ಹಾಗಾದರೆ ಕೆನೆಭರಿತ ಹಾಲು ಯಾರಿಗೆ? ಮೊದಲನೆಯದಾಗಿ, ಒಂದು ವರ್ಷ ತುಂಬಿದ ಬೆಳೆಯುವ ಮಗುವಿಗೆ. ಅದರ ಹೊಟ್ಟೆ ಚಿಕ್ಕದು, ಅಗತ್ಯ ದೊಡ್ಡದು. ಮಿದುಳು ಬೆಳೆಯುವ ಕಾಲ. ಎರಡು ವರ್ಷದೊಳಗಿನ ಮಗುವಿನ ಹಾಲಿನಿಂದ ಕೆನೆ ತೆಗೆಯಬಾರದು. ಆದರೆ ಇಲ್ಲಿಯೇ ಒಂದು ಎಚ್ಚರಿಕೆ: ಒಂದು ವರ್ಷದೊಳಗಿನ ಶಿಶುವಿಗೆ ಆಕಳ ಹಾಲು ಮುಖ್ಯ ಆಹಾರವಾಗಬಾರದು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಬಳಿಕ ಮೆತ್ತನೆಯ ಅನ್ನ ಬೇಳೆಗಳೊಡನೆ ಅದೇ ಮುಂದುವರಿಯಬೇಕು. ಆಕಳ ಹಾಲಿನಲ್ಲಿ ಕಬ್ಬಿಣದ ಅಂಶವಿಲ್ಲದ್ದರಿಂದ ಅದನ್ನೇ ನಂಬಿದ ಶಿಶು ರಕ್ತಹೀನತೆಗೆ ಗುರಿಯಾಗುತ್ತದೆ. ಹಾಲುಗಲ್ಲದ ಮಗುವಿಗೆ ಹಾಲೆಂದರೆ ತಾಯಿಯ ಹಾಲೇ. ಎರಡನೆಯದಾಗಿ, ಕೃಶರಾದವರಿಗೆ, ರೋಗದಿಂದ ಎದ್ದವರಿಗೆ, ಮೈಮುರಿದು ದುಡಿಯುವವರಿಗೆ ಕೆನೆಭರಿತ ಹಾಲು ಹಿತ.

ಕುಳಿತು ಓದುವ ನನ್ನಂಥವರ ಲೆಕ್ಕ ಬೇರೆ. ಹಾಲಿನ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಂತೃಪ್ತ ಕೊಬ್ಬು. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಉಣ್ಣುವವರಿಗೆ ಸಂತೃಪ್ತ ಕೊಬ್ಬು ಸುಮಾರು 22 ಗ್ರಾಮಿನೊಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಹೊರಡುವ ಲೆಕ್ಕ. ಅರ್ಧ ಲೀಟರು ಕೆನೆಭರಿತ ಹಾಲು ಅದರಲ್ಲಿ 18-19 ಗ್ರಾಮನ್ನು ತಾನೇ ತಿಂದುಬಿಡುತ್ತದೆ. ಅದೇ ಅಳತೆಯ ಟೋನ್ಡ್ ಹಾಲು ಅದರ ಅರ್ಧದಷ್ಟನ್ನು. ಹಾಲಿನ ಕೊಬ್ಬು ಹಿಂದೆ ಎಣಿಸಿದಷ್ಟು ಕೆಡುಕಿನದೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆದರೂ ಹೃದ್ರೋಗವಿರುವವರು, ಕೊಲೆಸ್ಟರಾಲ್ ಏರಿದವರು ಕೆನೆ ಕಡಿಮೆಯಾದ ಹಾಲನ್ನು ಆರಿಸಿಕೊಳ್ಳುವುದು ಕ್ಷೇಮ. ಅವರು ಬಿಡಬೇಕಾದದ್ದು ಕೆನೆಯನ್ನು, ಹಾಲನ್ನಲ್ಲ. ಕೊಬ್ಬಿಗೆ ಹೆದರಿ ಹಾಲನ್ನೇ ಬಿಟ್ಟವರು ಮಗುವನ್ನು ಮೀಯಿಸಿದ ನೀರಿನೊಡನೆ ಮಗುವನ್ನೂ ಚೆಲ್ಲಿದಂತೆ.

ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಎನ್ನುವವರೂ ಇದ್ದಾರೆ. ಅದು ನೆಪವಲ್ಲ. ಹಾಲುಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳವೆಯಲ್ಲಿ ಎಲ್ಲರಲ್ಲಿಯೂ ಇರುತ್ತದೆ. ಬೆಳೆದ ಮೇಲೆ ಲೋಕದ ಜನರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಅದು ಕುಗ್ಗುತ್ತದೆ. ಅಂಥವರು ಮೊಸರು ಮಜ್ಜಿಗೆಗಳನ್ನು ಸುಖವಾಗಿ ಅರಗಿಸಿಕೊಳ್ಳಬಲ್ಲರು, ಏಕೆಂದರೆ ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದಂಶವನ್ನು ಮೊದಲೇ ಹುಳಿಯಾಗಿ ಮಾಡಿರುತ್ತವೆ, ಹೊಟ್ಟೆಯೊಳಗೆ ಹೋದ ಮೇಲೂ ಉಳಿದುದನ್ನು ಒಡೆಯಲು ನೆರವಾಗುತ್ತವೆ. ‘ಹಾಲಾಗದು, ಮಜ್ಜಿಗೆಯಾದೀತು’ ಎಂಬ ನಮ್ಮ ಅಜ್ಜಿಯರ ಪಥ್ಯದ ಮಾತು ಅರ್ಥಪೂರ್ಣವಾದುದು.

ಅಡುಗೆಮನೆಯ ಕೆಲವು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಹಾಲು ಉಕ್ಕುವುದು ನೀರು ಉಕ್ಕಿದಂತಲ್ಲ. ಮೇಲೆ ಪ್ರೋಟೀನು ಕೊಬ್ಬುಗಳು ಕೂಡಿ ಕಟ್ಟಿದ ಪೊರೆಯ ಅಡಿಯಲ್ಲಿ ಆವಿ ಸಿಕ್ಕಿಕೊಂಡು ಅದನ್ನು ಎತ್ತುತ್ತದೆ. ಗೃಹಪ್ರವೇಶದಲ್ಲಿ ನಾವು ಶುಭವೆಂದು ಕಾಣುವ ಉಕ್ಕು ಇದೇ. ಹಾಲಿಗೆ ಹುಳಿ ಹಿಂಡಿದರೆ ಕೇಸೀನಿನ ಉಂಡೆಗಳು ಒಂದನ್ನೊಂದು ದೂರವಿಡುವ ಶಕ್ತಿ ಕಳೆದುಕೊಂಡು ಗಟ್ಟಿಯಾಗಿ ಕೂಡುತ್ತವೆ. ಮನಸ್ಸು ಒಡೆಯುವುದಕ್ಕೆ ಈ ಉಪಮೆ ಒಪ್ಪುತ್ತದೆಯಾದರೂ, ವಾಸ್ತವದಲ್ಲಿ ಅಲ್ಲಿ ಆಗುವುದು ಕೂಡಿಕೆ. ಕಷಾಯಕ್ಕೆ ಬೆಲ್ಲವನ್ನು ಮೊದಲು ನೀರಿನಲ್ಲಿ ಕುದಿಸಿ, ಕೊನೆಗೆ ಹಾಲು ಬೆರೆಸುವ ಪದ್ಧತಿ ಇರುವುದೂ ಇದಕ್ಕಾಗಿಯೇ. ಬೆಲ್ಲದಲ್ಲಿ ತುಸು ಹುಳಿಯಂಶವಿದ್ದು, ಹಾಲಿನೊಡನೆ ಕುದಿಸಿದರೆ ಒಡೆಯುವ ಭಯವುಂಟು. ಗಿಣ್ಣದ ಹಾಲು ಹೆಪ್ಪಿಲ್ಲದೆ ಬರಿಯ ಬಿಸಿಗೇ ಗಟ್ಟಿಯಾಗುತ್ತದೆ, ಏಕೆಂದರೆ ಅದರಲ್ಲಿ ಕರುವನ್ನು ರೋಗದಿಂದ ಕಾಯುವ ಬೇರೊಂದು ಬಗೆಯ ಪ್ರೋಟೀನುಗಳು ತುಂಬಿರುತ್ತವೆ. ಅದು ಮೊದಲು ಕರುವಿನ ಹಕ್ಕು. ಕರು ಕುಡಿದು ಮಿಕ್ಕಿದ್ದು ನಮಗೆ. ಆಷಾಢದ ಮಳೆಯಲ್ಲಿ ಮೊಸರು ಹೆಪ್ಪುಗಟ್ಟದಿರುವುದು ಹೆಪ್ಪಿನ ದೋಷವಲ್ಲ, ಚಳಿಯ ದೋಷ. ಪಾತ್ರೆಯನ್ನು ಬಚ್ಚಲೊಲೆಯ ಬೆಚ್ಚನೆಯ ಬದಿಗಿಟ್ಟರೆ ಸಾಕು. ಹಾಲನ್ನು ಬಿಸಿಲಿಗೆ ಇಡಬಾರದು. ರೈಬೊಫ್ಲೇವಿನ್ ಎಂಬ ‘ಬಿ’ ಜೀವಸತ್ವ ಬೆಳಕಿಗೆ ನಾಶವಾಗುತ್ತದೆ.

ನೊರೆಹಾಲನ್ನು ಹಾಗೆಯೇ ಕುಡಿದರೆ ಬಲ ಹೆಚ್ಚೆಂಬ ನಂಬಿಕೆ ಇನ್ನೂ ಇದೆ. ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳು ಹಸಿಹಾಲಿನಿಂದ ಬರಬಲ್ಲವು. ಕೊಟ್ಟಿಗೆಯ ಹಾಲನ್ನು ಕಾಯಿಸಿಯೇ ಕುಡಿಯಬೇಕು. ಕಾಯಿಸಿದರೆ ಪ್ರೋಟೀನಾಗಲಿ ಕ್ಯಾಲ್ಸಿಯಮ್ಮಾಗಲಿ ಹೋಗುವುದಿಲ್ಲ. ಈಚಿನ ಇನ್ನೊಂದು ಮಾತು ‘ಎ-2’ ಹಾಲಿನದು. ಕೇಸೀನಿನ ಒಂದು ಬಗೆಯಲ್ಲಿ, ಸರಪಳಿಯ 67ನೆಯ ಕೊಂಡಿಯಲ್ಲಿ ಇರುವ ಒಂದೇ ಒಂದು ವ್ಯತ್ಯಾಸದಿಂದ ‘ಎ-1’, ‘ಎ-2’ ಎಂಬ ಭೇದ ಹುಟ್ಟಿದೆ; ನಮ್ಮ ಗಿಡ್ಡದಂಥ ದೇಸಿ ದನಗಳಲ್ಲಿ ಬಹುಪಾಲು ‘ಎ-2’. ಇದರಿಂದ ಆರೋಗ್ಯಕ್ಕೆ ವಿಶೇಷ ಲಾಭವಿದೆಯೆಂಬುದು ಸಿದ್ಧವಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಈ ಹೆಸರನ್ನು ಪ್ಯಾಕೆಟ್ಟುಗಳಿಂದ ತೆಗೆಯಿರೆಂದು ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಗಿಡ್ಡವನ್ನು ಉಳಿಸಿಕೊಳ್ಳಲು ನಮಗೆ ಬೇಕಾದಷ್ಟು ಕಾರಣಗಳಿವೆ. ತೋಟ, ಬೆಟ್ಟ, ಗೊಬ್ಬರಗಳೇ ಆ ಕಾರಣಗಳು. ಅದಕ್ಕಾಗಿ ಹಾಲಿಗೆ ಔಷಧದ ಪಟ್ಟ ಕಟ್ಟಬೇಕಾಗಿಲ್ಲ.

ಕೊನೆಯದಾಗಿ, ಚಹದ ವಿಷಯ. ‘ನಾವೂ ದಿನವೂ ಹಾಲು ಕುಡಿಯುತ್ತೇವಲ್ಲ, ಚಹದಲ್ಲಿ’ ಎನ್ನುವ ತಾಯಂದಿರು ಬಹಳ. ಒಂದು ಲೋಟ ಚಹಕ್ಕೆ ಬೀಳುವ ಹಾಲು ಹೆಚ್ಚೆಂದರೆ ನಾಲ್ಕೈದು ಚಮಚ. ನಾಲ್ಕು ಲೋಟ ಕುಡಿದರೂ ಮುನ್ನೂರು ಮಿಲಿಲೀಟರಿನ ಅರ್ಧವೂ ಆಗದು. ಜೊತೆಗೆ ಸಕ್ಕರೆ ಹೊಟ್ಟೆ ಸೇರುತ್ತದೆ, ಊಟದ ಹೊತ್ತಿನ ಚಹ ಅನ್ನ ಸೊಪ್ಪುಗಳ ಕಬ್ಬಿಣದ ಅಂಶ ಮೈಗೆ ಹತ್ತದಂತೆಯೂ ಮಾಡುತ್ತದೆ. ಚಹ ಚಹವಾಗಿರಲಿ, ಅದನ್ನು ಹಾಲಿನ ಲೆಕ್ಕಕ್ಕೆ ಹಿಡಿಯುವುದು ಬೇಡ.

ಸರಕಾರ ಈ ಲೆಕ್ಕವನ್ನು ಮಕ್ಕಳ ಮಟ್ಟಿಗೆ ಸರಿಯಾಗಿ ಹಾಕಿದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ 18 ಗ್ರಾಮು ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿಲೀಟರು ಹಾಲು. ಮೊದಲು ವಾರಕ್ಕೆ ಮೂರು ದಿನವಿದ್ದದ್ದು ಬಳಿಕ ಐದು ದಿನವಾಯಿತು. ಆ ಒಂದು ಲೋಟದಲ್ಲಿ ಸುಮಾರು ನಾಲ್ಕೂವರೆ ಗ್ರಾಮು ಪ್ರೋಟೀನು, 150 ಮಿಲಿಗ್ರಾಮಿಗೂ ಮಿಕ್ಕು ಕ್ಯಾಲ್ಸಿಯಂ ಇರುತ್ತದೆ. ಎಂಟು ವರ್ಷದ ಮಗುವಿನ ದಿನದ ಅಗತ್ಯದ ಕಾಲುಭಾಗ ಅದು. ಅಲ್ಲಿ ತೋಟದ ಒಡೆಯನ ಮಗುವಿಗೂ ಅದೇ ತೋಟದಲ್ಲಿ ದುಡಿಯುವವರ ಮಗುವಿಗೂ ಒಂದೇ ಅಳತೆಯ ಲೋಟ, ಹುಡುಗನಿಗೂ ಹುಡುಗಿಗೂ ಒಂದೇ ಗಟ್ಟಿ. ನೂರು ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಆಗದಿದ್ದ ಹಂಚಿಕೆ ಶಾಲೆಯ ಜಗಲಿಯ ಮೇಲೆ ಆಯಿತು.

ಗೋವಿನ ಹಾಡಿನ ಪುಣ್ಯಕೋಟಿಯನ್ನು ನಾವು ಸತ್ಯಕ್ಕಾಗಿ ಕೊಂಡಾಡುತ್ತೇವೆ. ಅದು ಹುಲಿಯ ಬಾಯಿಂದ ಹೊತ್ತು ಕೇಳಿಕೊಂಡು ಹಿಂದಿರುಗಿದ್ದು ಕರುವಿಗೆ ಹಾಲೂಡುವುದಕ್ಕೆ. ಹಾಲು ಯಾರಿಗೆ ಮೊದಲು ಸಲ್ಲಬೇಕೆಂಬ ವಿವೇಕವೂ ಆ ಕತೆಯಲ್ಲಿದೆ. ನಮ್ಮ ಮನೆಗಳ ಸರದಿಯಲ್ಲಿ ಕೊನೆಗೆ ನಿಂತವರು ಬೇರೆ ಯಾರೂ ಅಲ್ಲ, ಹಾಲು ಕರೆದವರು, ಕಾಯಿಸಿದವರು, ಕಡೆದವರು. ಈಗ ಕರೆಯುವ ಕೆಲಸ ಕಡಿಮೆಯಾಗಿದೆ. ಪ್ಯಾಕೆಟ್ಟು ಕತ್ತರಿಸುವವರು ಮಾತ್ರ ಅವರೇ. ಈ ಸಂಜೆ ಹಾಲು ಕಾಯಿಸಿ ಇಳಿಸಿದ ಮೇಲೆ ಮೊದಲ ಲೋಟವನ್ನು ಅವರ ಹೆಸರಿಗೆ ತೆಗೆದಿರಿಸಿ, ಬಳಿಕ ಉಳಿದವರಿಗೆ ಹಂಚುವುದಾದರೆ ನಮ್ಮ ತಟ್ಟೆಗೇನೂ ಕೊರತೆಯಾಗದು.